ಲಂಟಾನ ತೆಗೆಯುವ ಬಗೆ: ಕಾಡಂಚಿನ ಜಮೀನಿಗೆ ಮೂರು ಮಳೆಗಾಲದ ಕೆಲಸ

ಲಂಟಾನದ ಮೆಳೆಯನ್ನು ಸವರಿ ಬೆಂಕಿ ಹಾಕಿದರೆ ಅದರ ಕಾಟ ತೀರಿತೆಂದು ನಾವೂ ಒಂದು ಕಾಲಕ್ಕೆ ನಂಬಿದ್ದೆವು. ಚಾಮರಾಜನಗರ ಜಿಲ್ಲೆಯ ಕಾಡಂಚಿನಲ್ಲಿರುವ ನಮ್ಮ ಹೊಲದ ಮೇಲ್ಬದಿಯಲ್ಲಿ ಸುಮಾರು ಅರ್ಧ ಎಕರೆ ಜಾಗವನ್ನು ಈ ಗಿಡ ನುಂಗಿತ್ತು. ಒಂದು ಮಾರ್ಚ್ ತಿಂಗಳಲ್ಲಿ ಮಚ್ಚಿನಿಂದ ಸವರಿ, ಒಣಗಿಸಿ, ಸುಟ್ಟೆವು. ಹುಬ್ಬೆ ಮಳೆ ಮುಗಿಯುವ ಹೊತ್ತಿಗೆ ಕರಕಲಾದ ಪ್ರತಿಯೊಂದು ಬುಡದಿಂದಲೂ ಐದಾರು ಹೊಸ ಕವಲುಗಳು ಎದ್ದು, ಮೊದಲು ಬಗ್ಗಿ ದಾಟಬಹುದಾಗಿದ್ದ ಜಾಗದಲ್ಲಿ ನಾಯಿಯೂ ನುಸುಳದಂತಾಯಿತು. ಮರುವರ್ಷ ಜೆಸಿಬಿ ತರಿಸಿದೆವು. ಬುಡಗಳೇನೋ ಕಿತ್ತು ಬಂದವು. ಆದರೆ ಮಣ್ಣು ಅಡಿಮೇಲಾಗಿ, ಒಳಗೆ ಮಲಗಿದ್ದ ಬೀಜಗಳಿಗೆ ಬೆಳಕು ತಗುಲಿ, ಮುಂಗಾರಿಗೆ ಒಟ್ಲು ಹಾಕಿದ ರಾಗಿ ಪೈರಿನಂತೆ ಸಸಿಗಳು ಒತ್ತಾಗಿ ಎದ್ದವು. ಈ ಎರಡು ಸೋಲುಗಳ ನಂತರ ಕಲಿತ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಗಿಡ ಕೀಳುವುದು ಈ ಕೆಲಸದ ಚಿಕ್ಕ ಪಾಲು. ಕಿತ್ತ ಜಾಗ ಖಾಲಿ ಬಿದ್ದರೆ ಅಲ್ಲಿಗೆ ಮತ್ತೆ ಲಂಟಾನವೇ ಬರುತ್ತದೆ, ಇಲ್ಲವೇ ಅದಕ್ಕಿಂತ ಕೆಟ್ಟದ್ದು ಬರುತ್ತದೆ. ಆದ್ದರಿಂದ ಎಷ್ಟು ಜಾಗವನ್ನು ಈ ವರ್ಷ ತೆರವುಗೊಳಿಸಬಲ್ಲೆ ಎಂದು ಕೇಳಿಕೊಳ್ಳುವ ಬದಲು, ಎಷ್ಟು ಜಾಗಕ್ಕೆ ಮುಂದಿನ ಮೂರು ಮಳೆಗಾಲ ತಪ್ಪದೆ ಮರಳಿ ಬರಬಲ್ಲೆ ಎಂದು ಕೇಳಿಕೊಂಡು, ಅಷ್ಟನ್ನು ಮಾತ್ರ ಕೈಗೆತ್ತಿಕೊಳ್ಳುವುದು ಒಳ್ಳೆಯದು.

ಗಿಡದ ಗುರುತು ಮತ್ತು ಅದರ ಸ್ವಭಾವ

ಲಂಟಾನವನ್ನು ನಮ್ಮಲ್ಲಿ ಕೆಲವೆಡೆ ಚದುರಂಗಿ ಎಂದೂ ಕರೆಯುತ್ತಾರೆ. ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ತರಲಾಯಿತು. ಬಂಗಲೆಗಳ ಬೇಲಿಗೆಂದು ನೆಟ್ಟ ಗಿಡ ಬೇಲಿ ದಾಟಿ ಕಾಡು ಸೇರಿತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭಾರತದ ಹುಲಿ ನೆಲೆಗಳ ಶೇ 40ಕ್ಕಿಂತ ಹೆಚ್ಚು ಭಾಗದಲ್ಲಿ, ಎಂದರೆ ಒಂದೂವರೆ ಲಕ್ಷ ಚದರ ಕಿಲೋಮೀಟರಿಗೂ ಮೀರಿದ ಪ್ರದೇಶದಲ್ಲಿ, ಲಂಟಾನ ಹಬ್ಬಿದೆ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ರಸ್ತೆಗಳಲ್ಲಿ ಹೋದವರಿಗೆ ಈ ಅಂಕಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಬದಿಯಲ್ಲಿ ಕಾಣುವ ಹಸಿರು ಗೋಡೆಯ ಹೆಚ್ಚಿನ ಪಾಲು ಅದೇ ಆಗಿರುತ್ತದೆ.

ದೊಡ್ಡ ಗಿಡವನ್ನು ಎಲ್ಲರೂ ಗುರುತಿಸುತ್ತಾರೆ. ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಹೂಗಳು, ಮಾಗಿದಾಗ ಹೊಳೆಯುವ ಕಪ್ಪು ಹಣ್ಣುಗಳು, ಹಿಂದಕ್ಕೆ ಬಾಗಿದ ಮುಳ್ಳುಗಳು. ನಿಜವಾಗಿ ಕಲಿಯಬೇಕಾದದ್ದು ಸಸಿಯ ಗುರುತು, ಏಕೆಂದರೆ ಎರಡನೆಯ ವರ್ಷದಿಂದ ಕೆಲಸವೆಲ್ಲ ಸಸಿಗಳ ಮೇಲೆಯೇ ನಡೆಯುತ್ತದೆ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದರೆ ಅದು ದುಂಡಗಿರದೆ ಚೌಕವಾಗಿರುತ್ತದೆ; ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ; ಎಲೆಯ ಮೇಲ್ಮೈ ಉಪ್ಪುಕಾಗದದಂತೆ ಒರಟಾಗಿದ್ದು, ಉಜ್ಜಿದರೆ ಮೂಗಿಗೆ ಅಡರುವ ಘಾಟು ವಾಸನೆ ಬರುತ್ತದೆ. ತುಂಬೆ, ನಾಯಿತುಳಸಿಗಳ ಕಾಂಡವೂ ಚೌಕವೇ ಆದ್ದರಿಂದ ಹೊಸಬರು ಅವುಗಳನ್ನೂ ಕಿತ್ತು ಹಾಕುವುದುಂಟು. ಅನುಮಾನ ಬಂದಾಗ ಎಲೆಯ ಒರಟುತನವನ್ನೂ ವಾಸನೆಯನ್ನೂ ಒಟ್ಟಿಗೆ ಪರೀಕ್ಷಿಸಿದರೆ ತಪ್ಪಾಗದು.

ಈ ಗಿಡದ ಮೂರು ಸ್ವಭಾವಗಳು ಮುಂದಿನ ಎಲ್ಲ ಹಂತಗಳನ್ನೂ ನಿರ್ಧರಿಸುತ್ತವೆ. ಮೊದಲನೆಯದಾಗಿ, ಅದರ ಮರುಚಿಗುರಿನ ಶಕ್ತಿಯೆಲ್ಲ ಕಾಂಡವೂ ಬೇರೂ ಸೇರುವ, ನೆಲಮಟ್ಟದ ಒಂದು ಗಿಣ್ಣಿನಂಥ ಭಾಗದಲ್ಲಿ ಅಡಗಿರುತ್ತದೆ. ಅದಕ್ಕಿಂತ ಕೆಳಗಿನ ಬೇರು ತಾನಾಗಿ ಚಿಗುರುವುದಿಲ್ಲ. ಎರಡನೆಯದಾಗಿ, ಅದರ ಬೀಜವನ್ನು ಹಕ್ಕಿಗಳು ಸಾಗಿಸುತ್ತವೆ. ಪಿಕಳಾರ, ಗೊರವಂಕಗಳು ಹಣ್ಣು ತಿಂದು ಬೇರೆ ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಒಂದು ದೊಡ್ಡ ಗಿಡ ವರ್ಷಕ್ಕೆ ಸಾವಿರಾರು ಬೀಜ ಕೊಡುತ್ತದೆ, ಮಣ್ಣು ಸೇರಿದ ಬೀಜ ಹಲವು ವರ್ಷ ಜೀವ ಹಿಡಿದಿರುತ್ತದೆ. ಮೂರನೆಯದಾಗಿ, ಅದಕ್ಕೆ ಬಿಸಿಲು ಬೇಕು. ದಟ್ಟ ನೆರಳಿನ ಕಾಡಿನಲ್ಲಿ ಲಂಟಾನ ಸೊರಗುತ್ತದೆ. ಮರ ಬಿದ್ದ, ಕಡಿದ, ಅತಿಯಾಗಿ ಮೇಯಿಸಿದ, ರಸ್ತೆ ತೆಗೆದ ಜಾಗವೇ ಅದಕ್ಕೆ ಬಾಗಿಲು.

ಕಾಡಿಗೆ ಇದರಿಂದ ಆಗುವ ಹಾನಿಯೂ ಈ ಸ್ವಭಾವದಿಂದಲೇ ಬರುತ್ತದೆ. ಮೆಳೆಯ ಅಡಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ಹೊನ್ನೆ ಮತ್ತಿಗಳ ಬೀಜ ಮೊಳೆತರೂ ಮೇಲೇಳುವುದಿಲ್ಲ. ಗಿಡದ ಎಲೆ ಬೇರುಗಳಿಂದ ಮಣ್ಣು ಸೇರುವ ರಸಾಯನಗಳು ಉಳಿದ ಸಸಿಗಳನ್ನು ಹಿಂಡುತ್ತವೆ. ಹೊರಗಿನಿಂದ ನೋಡಿದರೆ ಹಸಿರು ತುಂಬಿದ ಕಾಡು, ಒಳಗೆ ಹೊಕ್ಕರೆ ಜಿಂಕೆಗೆ ಒಂದು ಹಿಡಿ ಮೇವಿಲ್ಲದ ನೆಲ. ಹಳೆಯ ಮರಗಳು ನಿಂತಿರುತ್ತವೆ, ಅವುಗಳ ಮಕ್ಕಳು ಇರುವುದಿಲ್ಲ.

ಬೆಂಕಿಯ ವಿಚಾರ

ಕೆಲಸದ ಹಂತಗಳಿಗೆ ಹೋಗುವ ಮೊದಲು ಬೆಂಕಿಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಊರಿನಲ್ಲಿ ಮೊದಲು ಬರುವ ಸಲಹೆ ಅದೇ. ಬಿಳಿಗಿರಿರಂಗನಬೆಟ್ಟದ ಸೋಲಿಗರು ಹಿಂದೆ ವರ್ಷದ ಆರಂಭದಲ್ಲಿ, ಹುಲ್ಲು ಪೂರ್ತಿ ಒಣಗುವ ಮೊದಲೇ, ನೆಲದ ತರಗನ್ನು ಮಾತ್ರ ಸುಡುವ ತಣ್ಣನೆಯ ಬೆಂಕಿ ಹಾಕುತ್ತಿದ್ದರು. ಅದನ್ನು ಅವರು ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಆ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಆ ಪದ್ಧತಿ ನಿಂತಿತು, ಅದು ನಿಂತ ಮೇಲೆಯೇ ಲಂಟಾನ ಏರಿತು ಎಂಬುದು ಸೋಲಿಗ ಹಿರಿಯರ ಗಟ್ಟಿ ಅಭಿಪ್ರಾಯ. ಅಲ್ಲಿ ಕೆಲಸ ಮಾಡಿದ ಪರಿಸರ ವಿಜ್ಞಾನಿಗಳೂ 1997 ಮತ್ತು 2008ರ ನಡುವೆ ಲಂಟಾನ ವಿಪರೀತ ಹೆಚ್ಚಿದ್ದನ್ನು ದಾಖಲಿಸಿದ್ದಾರೆ ಮತ್ತು ಹಿರಿಯರ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ನನಗೂ ಅದು ಸರಿಯೆಂದೇ ತೋರುತ್ತದೆ.

ಆದರೆ ಅಂದಿನ ತರಗು ಬೆಂಕಿಯೂ ಇಂದು ಆಳೆತ್ತರದ ಒಣ ಲಂಟಾನಕ್ಕೆ ಕೊಡುವ ಬೆಂಕಿಯೂ ಒಂದೇ ಅಲ್ಲ. ಒಣಗಿದ ಮೆಳೆ ನೆಲದ ಬೆಂಕಿಯನ್ನು ಮರದ ನೆತ್ತಿಗೆ ಏರಿಸುವ ಏಣಿಯಾಗುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಆ ಏಣಿಯ ಕೆಲಸವನ್ನು ನಾಡೆಲ್ಲ ಕಂಡಿತು. ಲಂಟಾನದ ಬುಡವಾದರೋ ಆ ಬೆಂಕಿಗೂ ಸಾಯುವುದಿಲ್ಲ. ಕಾಡಂಚಿನಲ್ಲಿ ಹೀಗೆ ಬೆಂಕಿ ಹಚ್ಚಿ ಅದು ಕಾಡಿಗೆ ಹರಡಿದರೆ ಕಾನೂನಿನ ಪ್ರಕಾರ ಅಪರಾಧ ಎಂಬುದನ್ನೂ ನೆನಪಿನಲ್ಲಿಡಬೇಕು.

ಮೊದಲ ಹಂತ: ಜಾಗ ಗೊತ್ತು ಮಾಡುವುದು

ಬೇಸಿಗೆಯಲ್ಲಿಯೇ, ಎಲೆ ಉದುರಿ ಒಳಗಡೆ ಕಣ್ಣು ಹಾಯುವ ದಿನಗಳಲ್ಲಿ, ಜಾಗವನ್ನು ಸುತ್ತಿ ಒಂದು ಕೈನಕ್ಷೆ ಬರೆದುಕೊಳ್ಳಿ. ಲಂಟಾನ ದಟ್ಟವಾಗಿರುವ ಭಾಗ, ಅಲ್ಲೊಂದು ಇಲ್ಲೊಂದು ಇರುವ ಭಾಗ, ಹಳ್ಳದ ದಂಡೆ, ಹಕ್ಕಿ ಕೂರುವ ದೊಡ್ಡ ಮರಗಳು, ಮೆಳೆಯ ನಡುವೆ ಸಿಕ್ಕಿಕೊಂಡಿರುವ ನಮ್ಮದೇ ಜಾತಿಯ ಗಿಡಗಳು ಇಷ್ಟನ್ನೂ ಗುರುತು ಮಾಡಿ. ಕೊನೆಯದು ಬಹಳ ಮುಖ್ಯ. ನಮ್ಮ ಅರ್ಧ ಎಕರೆಯ ಮೆಳೆಯೊಳಗೆ ಏನೂ ಉಳಿದಿಲ್ಲವೆಂದುಕೊಂಡಿದ್ದೆವು. ಹುಡುಕಿದಾಗ ಎರಡು ನೆಲ್ಲಿ, ಒಂದು ಹೊನ್ನೆ, ಕಾರೆ ಮತ್ತು ಕವಳಿಯ ಹಲವು ಪೊದೆಗಳು ಬೆಳಕಿಗಾಗಿ ಕತ್ತು ಉದ್ದ ಮಾಡಿಕೊಂಡು ನಿಂತಿದ್ದವು. ಅಂಥ ಗಿಡಗಳಿಗೆ ಬಣ್ಣದ ಬಟ್ಟೆಯ ಚಿಂದಿ ಕಟ್ಟಿಬಿಟ್ಟರೆ ಕೆಲಸದ ಭರದಲ್ಲಿ ಮಚ್ಚು ಅವುಗಳ ಮೇಲೆ ಬೀಳುವುದು ತಪ್ಪುತ್ತದೆ.

ಎಲ್ಲಿಂದ ಆರಂಭಿಸಬೇಕು ಎಂಬಲ್ಲಿ ಬಹುತೇಕರು ಎಡವುತ್ತಾರೆ. ಕಣ್ಣಿಗೆ ಚುಚ್ಚುವ ಅತಿ ದಟ್ಟ ಮೆಳೆಗೆ ಮೊದಲು ಕೈಹಾಕುವುದು ಸಹಜ, ಆದರೆ ಅದು ತಪ್ಪು. ಲಂಟಾನ ಕಡಿಮೆಯಿದ್ದು ನಮ್ಮ ಗಿಡ ಮತ್ತು ಹುಲ್ಲು ಇನ್ನೂ ಉಳಿದಿರುವ ಅಂಚಿನಿಂದ ಆರಂಭಿಸಿ, ದಟ್ಟವಾದ ಕಡೆಗೆ ನಿಧಾನವಾಗಿ ಸರಿಯಬೇಕು. ಒಳ್ಳೆಯ ಭಾಗದಲ್ಲಿ ತೆರವಾದ ಜಾಗವನ್ನು ಪಕ್ಕದ ಹುಲ್ಲೇ ಬಂದು ತುಂಬುತ್ತದೆ, ಕೂಲಿಯೂ ಕಡಿಮೆ ಬೀಳುತ್ತದೆ. ದಟ್ಟ ಮೆಳೆಯ ನಟ್ಟನಡುವೆ ತೆಗೆದ ಗುಂಡಿಯಂಥ ಜಾಗವನ್ನು ತುಂಬಲು ಸುತ್ತಲೂ ಲಂಟಾನವಲ್ಲದೆ ಬೇರೇನೂ ಇರುವುದಿಲ್ಲ.

ನಿಮ್ಮ ಜಮೀನಿನ ಗಡಿ ಎಲ್ಲಿ ಮುಗಿಯುತ್ತದೆ, ಮೀಸಲು ಅರಣ್ಯ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಖಚಿತ ಮಾಡಿಕೊಳ್ಳಿ. ಒಳ್ಳೆಯ ಉದ್ದೇಶಕ್ಕಾದರೂ ಅನುಮತಿಯಿಲ್ಲದೆ ಅರಣ್ಯದೊಳಗೆ ಹೋಗಿ ಗಿಡ ಕಡಿಯುವಂತಿಲ್ಲ. ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಮೊದಲೇ ಬರೆದು ಕೇಳಬೇಕು. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಟ್ಟಿರಬೇಕು. ಗೋಮಾಳ, ಕೆರೆಯಂಗಳ, ದೇವರಕಾಡುಗಳಲ್ಲಿ ಕೆಲಸ ಮಾಡುವುದಾದರೆ ಈ ಸಮಿತಿಯ ಮೂಲಕವೇ ಹೋಗುವುದು ಲೇಸು.

ಎರಡನೆಯ ಹಂತ: ಕಾಲ, ಸಲಕರಣೆ, ಜಾಗ್ರತೆ

ಕೆಲಸಕ್ಕೆ ಹದವಾದ ಕಾಲವೆಂದರೆ ಮುಂಗಾರು ನೆಲವನ್ನು ಮೆದುಗೊಳಿಸಿದ ಮೇಲೆ, ಕಾಯಿಗಳು ಕಪ್ಪಾಗುವ ಮೊದಲು. ನಮ್ಮ ಕಡೆ ಆರಿದ್ರಾ ಮಳೆಯಿಂದ ಪುಷ್ಯ ಮಳೆಯವರೆಗಿನ, ಎಂದರೆ ಜೂನ್ ಕೊನೆಯಿಂದ ಆಗಸ್ಟ್ ಆರಂಭದವರೆಗಿನ, ಐದಾರು ವಾರ ಇದಕ್ಕೆ ಒದಗುತ್ತದೆ. ಲಂಟಾನ ತೇವವಿದ್ದಲ್ಲಿ ವರ್ಷದ ಹೆಚ್ಚು ಕಾಲ ಹೂ ಬಿಡುವುದರಿಂದ ಪಂಚಾಂಗಕ್ಕಿಂತ ಗಿಡವನ್ನೇ ನೋಡಿ ನಿರ್ಧರಿಸಬೇಕು. ಹಸಿರು ಕಾಯಿಯಿದ್ದರೆ ಕೆಲಸಕ್ಕೆ ಇಳಿಯಬಹುದು. ಕಪ್ಪು ಹಣ್ಣು ಕಂಡರೆ ಮೊದಲು ಗೊಂಚಲುಗಳನ್ನು ಕತ್ತರಿಸಿ ಗೋಣಿಚೀಲಕ್ಕೆ ತುಂಬಿ, ಆಮೇಲೆ ಗಿಡಕ್ಕೆ ಕೈಹಾಕಬೇಕು.

ಸಲಕರಣೆಗಳು ಎಲ್ಲರ ಮನೆಯಲ್ಲಿಯೂ ಇರುವಂಥವೇ: ಉದ್ದ ಹಿಡಿಯ ಮಚ್ಚು ಅಥವಾ ಕುಡುಗೋಲು, ಕಿರಿದಾದ ಅಲಗಿನ ಗುದ್ದಲಿ, ಪಿಕಾಸಿ, ಕೊಂಬೆಗಳನ್ನು ಎತ್ತಿ ಹಿಡಿಯಲು ಒಂದು ಕವೆಗೋಲು. ದಪ್ಪ ಚರ್ಮದ ಕೈಗವಸು ಮಾತ್ರ ಕೊಳ್ಳಲೇಬೇಕು. ಲಂಟಾನದ ಮುಳ್ಳು ಹಿಮ್ಮುಖವಾಗಿರುವುದರಿಂದ ಕೈಯನ್ನು ಒಳಗೆ ಹಾಕುವಾಗ ತಿಳಿಯುವುದಿಲ್ಲ, ಹಿಂದಕ್ಕೆ ಎಳೆದುಕೊಳ್ಳುವಾಗ ಗೀರುತ್ತದೆ.

ಮೆಳೆ ಎಂದರೆ ಬರೀ ಗಿಡವಲ್ಲ. ಹಾವು, ಕಣಜದ ಗೂಡು, ಹಗಲು ಮಲಗಿರುವ ಹಂದಿ, ಕೆಲವೊಮ್ಮೆ ಚಿರತೆ ಕೂಡ ಅದರೊಳಗೆ ಇರಬಹುದು. ಬೆಳಿಗ್ಗೆ ಎಂಟಕ್ಕೆ ಮೊದಲೂ ಸಂಜೆ ಐದರ ನಂತರವೂ ಕೆಲಸ ಬೇಡ. ಆರಂಭಿಸುವ ಮೊದಲು ಒಂದೇ ಕಡೆಯಿಂದ ಸದ್ದು ಮಾಡುತ್ತ ಬಂದು, ಇನ್ನೊಂದು ಬದಿಯನ್ನು ಪ್ರಾಣಿಗಳು ಹೊರಟು ಹೋಗಲು ಬಿಟ್ಟುಕೊಡಿ. ಹಕ್ಕಿಗೂಡಿನಲ್ಲಿ ಮೊಟ್ಟೆ ಮರಿ ಕಂಡರೆ ಆ ಒಂದು ಪೊದೆಯನ್ನು ಒಂದು ತಿಂಗಳು ಹಾಗೆಯೇ ಬಿಟ್ಟರೆ ನಷ್ಟವೇನಿಲ್ಲ. ಮಲೆನಾಡಿನವರು ಮೈಗೆ ಅಂಟಿ ರಕ್ತ ಹೀರುವ ಉಣ್ಣೆಯ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯಿಂದ ಹರಡುವಂಥದ್ದು, 2012–13ರಲ್ಲಿ ಅದು ಬಂಡೀಪುರದ ಕಡೆಯೂ ಕಾಣಿಸಿಕೊಂಡಿತ್ತು. ಚಳಿಗಾಲದಿಂದ ಬೇಸಿಗೆಯವರೆಗೆ ಅದರ ಭಯ ಹೆಚ್ಚು. ಜಾಗ ಗೊತ್ತುಮಾಡಲು ಓಡಾಡುವ ದಿನಗಳಲ್ಲಿಯೂ ಮೈ ತುಂಬ ಬಟ್ಟೆ ತೊಟ್ಟು, ಉಣ್ಣೆಯನ್ನು ದೂರವಿಡಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಹಚ್ಚಿಕೊಂಡು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಬೇಕು.

ಮೂರನೆಯ ಹಂತ: ಬುಡ ಕತ್ತರಿಸುವುದು

ಇಲ್ಲಿ ಹೇಳುವ ವಿಧಾನವನ್ನು ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಪ್ರಯೋಗಿಸಿ 2009ರಲ್ಲಿ ಪ್ರಕಟಿಸಿತು. ಆಮೇಲೆ ದೇಶದ ಬೇರೆ ಬೇರೆ ಕಾಡುಗಳಲ್ಲಿ ಅದನ್ನು ಅನುಸರಿಸಲಾಗಿದೆ. ಕೇಳಲು ತೀರ ಸರಳವೆನಿಸಿದರೂ ಅದರ ಹಿಂದೆ ಗಿಡದ ಮರುಚಿಗುರು ಎಲ್ಲಿಂದ ಹುಟ್ಟುತ್ತದೆ ಎಂಬ ತಿಳಿವಳಿಕೆಯಿದೆ.

ಒಬ್ಬರು ಕವೆಗೋಲಿನಿಂದ ಹರಡಿದ ಕೊಂಬೆಗಳನ್ನು ಒಂದು ಬದಿಗೆ ಎತ್ತಿ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಬಗ್ಗಿ, ಬುಡದ ಸುತ್ತಲಿನ ತರಗನ್ನು ಕೈಯಿಂದ ಸರಿಸಿ, ಗುದ್ದಲಿಯ ತುದಿಯಿಂದ ಮಣ್ಣನ್ನು ಎರಡು ಬೆರಳಿನಷ್ಟು ಕೆರೆಯಬೇಕು. ಆಗ ಕಾಂಡಗಳೆಲ್ಲ ಬಂದು ಕೂಡುವ ಗಂಟು ಕಾಣುತ್ತದೆ. ಮೇಲಿನ ಭಾಗ ಬೂದುಗಂದು, ಕೆಳಗಿನ ಬೇರು ಅದಕ್ಕಿಂತ ತಿಳಿ ಬಣ್ಣ. ಆ ಗಂಟಿಗಿಂತ ಕೆಳಗೆ, ನೆಲಮಟ್ಟದಿಂದ ಸುಮಾರು 3ರಿಂದ 5 ಸೆಂಟಿಮೀಟರ್ ಆಳದಲ್ಲಿ, ಗುದ್ದಲಿಯನ್ನು ಓರೆಯಾಗಿ ಹಾಕಿ ಬೇರನ್ನು ಕತ್ತರಿಸಬೇಕು. ಹೆಬ್ಬೆರಳು ಗಾತ್ರದ ಬೇರಾದರೆ ಎರಡು ಏಟಿಗೆ ತುಂಡಾಗುತ್ತದೆ. ಮುಂಗೈ ಗಾತ್ರದ್ದಾದರೆ ಸುತ್ತ ತಿರುಗಿ ನಾಲ್ಕು ಕಡೆಯಿಂದ ಹಾಕಬೇಕಾಗುತ್ತದೆ. ಸರಿಯಾಗಿ ತುಂಡಾಗಿದ್ದರೆ ಕವೆಗೋಲು ಹಿಡಿದವರಿಗೆ ತಕ್ಷಣ ತಿಳಿಯುತ್ತದೆ: ಅಷ್ಟು ಹೊತ್ತು ಎಳೆದು ಹಿಡಿದಿದ್ದ ಪೊದೆ ಸಡಿಲಗೊಂಡು ಪೂರ್ತಿಯಾಗಿ ಒಂದೇ ಬಾರಿಗೆ ಮೇಲೇಳುತ್ತದೆ. ಉಳಿದ ಬೇರನ್ನು ಅಗೆದು ತೆಗೆಯುವ ಗೋಜಿಗೆ ಹೋಗಬೇಡಿ. ಅದು ಮಣ್ಣನ್ನು ಹಿಡಿದುಕೊಂಡಿರುತ್ತದೆ, ಅಲ್ಲಿಯೇ ಕೊಳೆಯುತ್ತದೆ. ನೆಲವನ್ನು ಎಷ್ಟು ಕಡಿಮೆ ಕೆದಕುತ್ತೀರೋ ಅಷ್ಟು ಕಡಿಮೆ ಬೀಜ ಮೊಳೆಯುತ್ತದೆ. ನಮ್ಮ ಜೆಸಿಬಿ ಪ್ರಸಂಗ ಕಲಿಸಿದ ಪಾಠ ಇದೇ.

ಎತ್ತಿದ ಪೊದೆಯನ್ನು ಬುಡ ಮೇಲಾಗಿ, ತಲೆ ಕೆಳಗಾಗಿ ಇರಿಸಬೇಕು. ಹಸಿ ಕಾಂಡವನ್ನು ಒದ್ದೆ ನೆಲಕ್ಕೆ ತಾಗಿಸಿ ಬಿಟ್ಟರೆ ತಾಗಿದಲ್ಲೆಲ್ಲ ಬೇರು ಬಿಡುವ ಗುಣ ಅದಕ್ಕಿದೆ. ಬುಡ ಗಾಳಿಗೆ ಮುಖ ಮಾಡಿದ್ದರೆ ಬೇಗ ಒಣಗುತ್ತದೆ. ಒಣಗಿದ ರಾಶಿಯನ್ನು ಮರದ ಬುಡಕ್ಕೆ ಒರಗಿಸಬಾರದು, ಬೇಸಿಗೆಯಲ್ಲಿ ಕಿಡಿ ಬಿದ್ದರೆ ಮರವೂ ಹೋಗುತ್ತದೆ. ಮೂರು ಜನ ಸೇರಿ ಮಾಡಿದ ನಮ್ಮ ಅರ್ಧ ಎಕರೆಗೆ ಆರು ದಿನ ಹಿಡಿಯಿತು. ಮೊದಲ ದಿನ ಗಂಟಿನ ಮೇಲೆಯೇ ಕತ್ತರಿಸಿದ ಕೆಲವು ಬುಡಗಳು ತಿಂಗಳೊಳಗೆ ಚಿಗುರಿ ನಮ್ಮ ತಪ್ಪನ್ನು ತೋರಿಸಿಕೊಟ್ಟವು. ಅವನ್ನು ಮತ್ತೆ ಕೆಳಗೆ ಕತ್ತರಿಸಿದೆವು.

ಕಳೆನಾಶಕ ಹೊಡೆದರೆ ಸುಲಭವಲ್ಲವೇ ಎಂದು ಹಲವರು ಕೇಳುತ್ತಾರೆ. ಮೆಳೆಯ ನಡುವೆ ಉಳಿದಿರುವ ನೆಲ್ಲಿ, ಹೊನ್ನೆ, ಹುಲ್ಲುಗಳನ್ನು ಅದು ಬೇರೆಯಾಗಿ ನೋಡುವುದಿಲ್ಲ, ಮಳೆಗಾಲದಲ್ಲಿ ಹಳ್ಳಕ್ಕೆ ಹರಿಯುತ್ತದೆ. ನಾನು ಬಳಸಿಲ್ಲ, ಬಳಸಿ ಎಂದು ಹೇಳುವುದೂ ಇಲ್ಲ. ಕೀಟಗಳಿಂದ ಹತೋಟಿ ಮಾಡುವ ಪ್ರಯತ್ನ ನಮ್ಮ ದೇಶದಲ್ಲಿ 1921ರಷ್ಟು ಹಿಂದೆಯೇ, ಲಂಟಾನದ ಕಾಯಿಗೆ ಬೀಳುವ ಪುಟ್ಟ ನೊಣವೊಂದನ್ನು ಹವಾಯಿಯಿಂದ ತರಿಸುವುದರೊಂದಿಗೆ ಆರಂಭವಾಯಿತು. ಆಮೇಲೆ ಇನ್ನೂ ಕೆಲವು ಕೀಟಗಳು ಬಂದವು. ಅವು ಎಲೆಗಳನ್ನು ತೂತು ಮಾಡಿ ಬಾಡಿಸುವುದನ್ನು ಇಂದಿಗೂ ನೋಡಬಹುದು, ಆದರೆ ಒಂದು ಮಳೆ ಬಿದ್ದರೆ ಗಿಡ ಮತ್ತೆ ಹಸಿರಾಗುತ್ತದೆ.

ನಾಲ್ಕನೆಯ ಹಂತ: ಕಿತ್ತದ್ದನ್ನು ಏನು ಮಾಡುವುದು

ಒಣಗಿದ ಕಾಂಡ ಒಳ್ಳೆಯ ಸೌದೆ; ಬಚ್ಚಲೊಲೆಗೆ ವರ್ಷವಿಡೀ ಸಾಕಾಗುತ್ತದೆ. ನೆಟ್ಟ ಸಸಿಗಳಿಗೆ ಮುಳ್ಳಿನ ಮರೆ ಕಟ್ಟಲೂ ಬರುತ್ತದೆ. ಹಣ್ಣಿನ ಗೊಂಚಲುಗಳನ್ನು ಮಾತ್ರ ಯಾವ ಕಾರಣಕ್ಕೂ ತಿಪ್ಪೆಗೆ ಹಾಕಬಾರದು. ಗೊಬ್ಬರದೊಂದಿಗೆ ಬೀಜ ಹೊಲ ಸೇರುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ನೆರವಿನಿಂದ ಸೋಲಿಗರು ನೇರವಾದ ಕಾಂಡಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದ ಬದಲಿಗೆ ಬಳಸಿ ಕುರ್ಚಿ, ಬುಟ್ಟಿಗಳನ್ನು ಮಾಡುತ್ತಾರೆ. ನೀಲಗಿರಿಯ ಗೂಡಲೂರಿನ ಕಡೆ ಆದಿವಾಸಿ ಕುಶಲಕರ್ಮಿಗಳು ಇದೇ ಕಾಂಡದಿಂದ ಕಟ್ಟಿದ ನಿಜಗಾತ್ರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಕೈಗೆ ಕಾಸು ತರುವ ಒಳ್ಳೆಯ ಕಸುಬು ಇದು. ಆದರೆ ಕಸುಬಿಗೆ ಬೇಕಾದದ್ದು ಹದವಾದ ಕೆಲವು ಕಾಂಡಗಳು ಮಾತ್ರವಾದ್ದರಿಂದ, ಬಳಸಿ ಬಳಸಿಯೇ ಲಂಟಾನವನ್ನು ಮುಗಿಸಿಬಿಡಬಹುದೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ದನ, ಕುರಿ, ಮೇಕೆಗಳನ್ನು ಕಿತ್ತ ರಾಶಿಯ ಹತ್ತಿರ ಬಿಡಬೇಡಿ. ಊರಿನ ದನ ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ. ಬರಗಾಲದಲ್ಲಿ ಹಸಿದವು, ಸಂತೆಯಿಂದ ಹೊಸದಾಗಿ ತಂದವು ತಿನ್ನುತ್ತವೆ. ತಿಂದರೆ ಯಕೃತ್ತು ಕೆಡುತ್ತದೆ, ಸಗಣಿ ಕಟ್ಟುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ಮೂತಿಯ ಮತ್ತು ಬಿಳಿ ಮಚ್ಚೆಗಳ ಚರ್ಮ ಸುಲಿಯತೊಡಗುತ್ತದೆ. ಈ ಲಕ್ಷಣ ಕಂಡರೆ ಪಶುವನ್ನು ನೆರಳಿಗೆ ಕಟ್ಟಿ ಕೂಡಲೇ ಪಶುವೈದ್ಯರನ್ನು ಕರೆಸಬೇಕು.

ಐದನೆಯ ಹಂತ: ತೆರವಾದ ನೆಲವನ್ನು ತುಂಬುವುದು

ಇಡೀ ಕೆಲಸ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಲಂಟಾನ ಹೋದ ಜಾಗಕ್ಕೆ ಬಿಸಿಲು ಬೀಳುತ್ತದೆ, ಆ ಬಿಸಿಲಿಗಾಗಿ ಕಾಯುತ್ತಿರುವ ಬೇರೆ ಪರಕೀಯರು ಇದ್ದೇ ಇರುತ್ತಾರೆ. ಒಣ ಪ್ರದೇಶದಲ್ಲಿ ಜನ ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ, ಮಳೆ ಹೆಚ್ಚಿರುವಲ್ಲಿ ಯುಪಟೋರಿಯಂ ಎಂಬ ಪೊದೆಗಳೆ, ಬಂಡೀಪುರ, ನಾಗರಹೊಳೆ, ವಯನಾಡಿನ ಸುತ್ತಮುತ್ತ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರ. ಈ ಸೆನ್ನಾ ಸಸಿ ಕಂಡರೆ ಚಿಕ್ಕದಿರುವಾಗಲೇ ಬೇರುಸಹಿತ ಕೀಳಬೇಕು. ಮರವಾದ ಮೇಲೆ ಕಡಿದರೆ ಬುಡದಿಂದ ಒಂದಕ್ಕೆ ಹತ್ತಾಗಿ ಚಿಗುರುತ್ತದೆ. ಹಳದಿ ಹೂವೆಂದು ನಮ್ಮದೇ ಆದ ತಂಗಡಿಯನ್ನು ಕೀಳದಂತೆ ನೋಡಿಕೊಳ್ಳಿ. ತಂಗಡಿ ಮೊಣಕಾಲಿನಿಂದ ಎದೆಯೆತ್ತರದ ಪೊದೆ, ಅದು ಮರವಾಗುವುದಿಲ್ಲ. ಪಾರ್ಥೇನಿಯಂ ಕೀಳುವಾಗ ಕೈಗವಸು ಇರಲಿ, ಅದು ತಗುಲಿದರೆ ಹಲವರಿಗೆ ಚರ್ಮದ ತುರಿಕೆ, ಉಬ್ಬಸ ಬರುತ್ತದೆ.

ಆದ್ದರಿಂದ ಪೊದೆ ಎತ್ತಿದ ವಾರದಲ್ಲಿಯೇ ಹುಲ್ಲಿನ ಕೆಲಸ ಆರಂಭವಾಗಬೇಕು. ಮರ ನೆಡುವ ಉತ್ಸಾಹದಲ್ಲಿ ಹುಲ್ಲನ್ನು ಮರೆಯುವುದು ನಮ್ಮೆಲ್ಲರ ದೌರ್ಬಲ್ಯ. ಮರ ನೆರಳು ಕೊಡಲು ಎಂಟು ಹತ್ತು ವರ್ಷ ಬೇಕು, ಹುಲ್ಲು ಎರಡು ತಿಂಗಳಲ್ಲಿ ನೆಲ ಮುಚ್ಚುತ್ತದೆ. ಹಿಂದಿನ ನವೆಂಬರ್, ಡಿಸೆಂಬರಿನಲ್ಲಿಯೇ ಸುತ್ತಲಿನ ಬೇಣ, ಬದು, ಗೋಮಾಳಗಳಿಂದ ಕರಡದಂಥ ನಾಟಿ ಹುಲ್ಲುಗಳ ತೆನೆಗಳನ್ನು ಕೈಯಿಂದ ಸವರಿ ತಂದು ಗೋಣಿಯಲ್ಲಿಟ್ಟಿರಬೇಕು. ಆ ಬೀಜವನ್ನು ಒಣ ಸಗಣಿ ಪುಡಿ ಮತ್ತು ಮಣ್ಣಿನೊಂದಿಗೆ ಬೆರೆಸಿ ಎರಚಿ, ಮೇಲೆ ತೆಳ್ಳಗೆ ತರಗು ಹರಡಿದರೆ ಸಾಕು. ಗರಿಕೆಯನ್ನು ಬೇರುಸಹಿತ ತಂದು ಗೇಣು ಅಂತರದಲ್ಲಿ ಊರಿದರೂ ಹಬ್ಬುತ್ತದೆ.

ಹುಲ್ಲಿನ ನಡುವೆ ಪೊದೆ ಮತ್ತು ಮರಗಳು ಬರಲಿ. ನಮ್ಮ ಒಣ ಎಲೆಯುದುರುವ ಕಾಡಿನ ಸೀಮೆಗೆ ನೆಲ್ಲಿ, ತಾರೆ, ಹೊನ್ನೆ, ಮತ್ತಿ, ದಿಂಡಿಗ, ಕಗ್ಗಲಿ ಒಗ್ಗುತ್ತವೆ. ಪೊದೆಗಳಲ್ಲಿ ಲಕ್ಕಿ, ಬಂದರೆ, ಕವಳಿ, ಕಾರೆ, ತಂಗಡಿ. ಲಂಟಾನ ತೆಗೆದರೆ ಚಿಟ್ಟೆಗಳಿಗೆ ಮಕರಂದವಿಲ್ಲದಂತಾಗುತ್ತದೆ ಎಂದು ಕೆಲವು ಚಿಟ್ಟೆಪ್ರಿಯರು ಆಕ್ಷೇಪಿಸುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ, ಲಂಟಾನದ ಹೂವಿಗೆ ಚಿಟ್ಟೆಗಳು ಮುತ್ತುವುದು ನಿಜ. ಆದರೆ ಚಿಟ್ಟೆಗೆ ಹೂವಿಗಿಂತ ಮೊದಲು ಮರಿಹುಳು ತಿನ್ನುವ ಎಲೆ ಬೇಕು, ಆ ಎಲೆಯ ಗಿಡಗಳು ಲಂಟಾನದಡಿ ಬೆಳೆಯುವುದಿಲ್ಲ. ತಂಗಡಿಯ ಎಲೆ ಹಲವು ಹಳದಿ ಚಿಟ್ಟೆಗಳ ಮರಿಗೆ ಆಹಾರ, ಲಕ್ಕಿ ಹೂವಿಗೆ ಜೇನೂ ಬರುತ್ತದೆ. ಜಾಗವನ್ನು ಪಟ್ಟಿ ಪಟ್ಟಿಯಾಗಿ ಎರಡು ಮೂರು ವರ್ಷಗಳಲ್ಲಿ ತೆರವು ಮಾಡುತ್ತ ಬಂದರೆ ಹಕ್ಕಿಗೂ ಚಿಟ್ಟೆಗೂ ಒಮ್ಮೆಲೆ ಬರ ಬೀಳುವುದಿಲ್ಲ.

ಸಸಿಗಳನ್ನು ನರ್ಸರಿಯಿಂದ ತರುವಾಗಲೂ ಎಚ್ಚರ ಬೇಕು. ಬಣ್ಣದ ಹೂವಿನ ತಳಿಯೆಂದು ಲಂಟಾನವನ್ನೇ ಕುಂಡದಲ್ಲಿಟ್ಟು ಮಾರುವುದನ್ನು ಪಟ್ಟಣಗಳಲ್ಲಿ ನೋಡಿದ್ದೇನೆ. ಆಕ್ರಮಣಕಾರಿ ಅನ್ಯದೇಶೀಯ ಜಾತಿಗಳ ಆಮದು, ಮಾರಾಟ, ಹರಡುವಿಕೆಯನ್ನು ನಿಯಂತ್ರಿಸುವ ಅಧಿಕಾರವನ್ನು 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದು ಅಂಗಡಿಯ ಕುಂಡದವರೆಗೆ ತಲುಪುವ ತನಕ ಕೊಳ್ಳುವವರೇ ನೋಡಿ ಕೊಳ್ಳಬೇಕು.

ಆರನೆಯ ಹಂತ: ಮರಳಿ ಬರುವುದು, ಬರೆದಿಡುವುದು

ಮೊದಲ ವರ್ಷ ಸ್ವಾತಿ ಮಳೆಯ ಹೊತ್ತಿಗೆ, ಎಂದರೆ ಅಕ್ಟೋಬರ್ ಕೊನೆಗೆ, ಒಮ್ಮೆ, ಎರಡನೆಯ ಮತ್ತು ಮೂರನೆಯ ವರ್ಷ ಮಳೆಗಾಲದಲ್ಲಿ ಎರಡೆರಡು ಬಾರಿ ಇಡೀ ಜಾಗವನ್ನು ಸಾಲಾಗಿ ನಡೆದು ಸಸಿ ಕೀಳಬೇಕು. ಗೇಣುದ್ದದ ಸಸಿ ಒದ್ದೆ ಮಣ್ಣಿನಲ್ಲಿ ಎರಡು ಬೆರಳಿಗೆ ಬರುತ್ತದೆ, ಅದೇ ಸಸಿ ಒಂದು ವರ್ಷ ತಪ್ಪಿಸಿಕೊಂಡರೆ ಗುದ್ದಲಿ ಬೇಕಾಗುತ್ತದೆ. ಎಲ್ಲ ಕಡೆಯೂ ಒಂದೇ ಸಮ ಹುಡುಕುವ ಅಗತ್ಯವಿಲ್ಲ. ಹಕ್ಕಿ ಕೂರುವ ಮರಗಳ ಕೆಳಗೆ, ವಿದ್ಯುತ್ ತಂತಿಯ ಕೆಳಗೆ, ಬೇಲಿಯ ಉದ್ದಕ್ಕೂ, ಹಳೆಯ ಬುಡಗಳ ಸುತ್ತ ಹೆಚ್ಚು ಹೊತ್ತು ನಿಲ್ಲಿ.

ನಾಲ್ಕು ಕಲ್ಲು ಊರಿ 5 ಮೀಟರ್ ಉದ್ದಗಲದ ಎರಡು ಮೂರು ಚೌಕಗಳನ್ನು ಗುರುತಿಸಿ, ಪ್ರತಿ ವರ್ಷ ಒಂದೇ ತಿಂಗಳಲ್ಲಿ ಅವುಗಳೊಳಗಿನ ಲಂಟಾನ ಸಸಿಗಳನ್ನೂ ನಮ್ಮ ಗಿಡಗಳ ಸಸಿಗಳನ್ನೂ ಎಣಿಸಿ ಪುಸ್ತಕದಲ್ಲಿ ಬರೆಯಿರಿ. ಒಂದೇ ಜಾಗದಲ್ಲಿ ನಿಂತು ಒಂದೇ ದಿಕ್ಕಿಗೆ ಒಂದು ಫೋಟೋ ತೆಗೆಯಿರಿ. ಲೆಕ್ಕವಿಲ್ಲದಿದ್ದರೆ ಎರಡನೆಯ ವರ್ಷದ ಸಸಿಗಳ ದಂಡು ನೋಡಿ ಕೆಲಸವೆಲ್ಲ ವ್ಯರ್ಥವೆಂದು ಕೈಚೆಲ್ಲುವವರೇ ಹೆಚ್ಚು. ನಮ್ಮ ಅತ್ತಿಮರದ ಕೆಳಗಿನ ಚೌಕದಲ್ಲಿ ಮೊದಲ ವರ್ಷ 212 ಸಸಿಗಳಿದ್ದವು, ಎರಡನೆಯ ವರ್ಷ 140, ಮೂರನೆಯ ವರ್ಷ 38. ಈಗ ವರ್ಷಕ್ಕೊಮ್ಮೆ, ಮೃಗಶಿರ ಮಳೆ ಮುಗಿದ ಮೊದಲ ಭಾನುವಾರ, ಒಂದು ಸುತ್ತು ಹಾಕುತ್ತೇವೆ. ಕಳೆದ ಸಲ ಇಡೀ ಅರ್ಧ ಎಕರೆಯಲ್ಲಿ ಸಿಕ್ಕ ಹದಿನೇಳು ಸಸಿಗಳಲ್ಲಿ ಹದಿನಾಲ್ಕು ಆ ಅತ್ತಿಮರದ ಕೆಳಗೇ ಇದ್ದವು. ಹಕ್ಕಿ ಬರುವುದು ಅತ್ತಿಹಣ್ಣಿಗೆ. ಮರ ಹಾಗೆಯೇ ಇರಲಿ ಎಂದು, ಅದರ ಬುಡದಲ್ಲಿ ಒಂದು ಗುದ್ದಲಿಯನ್ನು ಕಾಯಂ ಆಗಿ ಒರಗಿಸಿಟ್ಟಿದ್ದೇವೆ.